ಬಾತುಕೋಳಿ ಮರಿಗಳು ದೊಡ್ಡವಾಗದಂತೆ ನೋಡಿಕೊಳ್ಳುವ ಕುರಿತು

ಗೃಹ ಯೋಜನಾ ವಿಭಾಗ
ಸಂಖ್ಯೆ: ಬೇ.ರ/ಕೊಳ/ಬಾತು/ತಿದ್ದುಪಡಿ-4
ಸ್ಥಳ: ಊಟದ ಮೇಜು

ವಿಷಯ: ಎರಡು ಬೀದಿ ಆಚೆಯ ಕೊಳಕ್ಕೆ ಮಕ್ಕಳ ಬೇಸಿಗೆ ರಜೆಯ ಸವಾರಿ ಹೊರಡಿಸುವ ಬಗ್ಗೆ.

ಉಲ್ಲೇಖ: (ಅ) ಕಿರಿಯ ಸದಸ್ಯೆ ಚಿನಕುರುಳಿಯ (ವಯಸ್ಸು ನಾಲ್ಕು) ಮೌಖಿಕ ಅರ್ಜಿ: "ಅಪ್ಪಾ, ಬಾತುಕೋಳಿ ಮರಿ ಹಾಕಿದ್ಯಂತೆ, ಈಗ್ಲೇ ಹೋಗೋಣ." (ಆ) ಅದೇ ಅರ್ಜಿ, ಅಳುವಿನೊಂದಿಗೆ.

ಕೊಳಕ್ಕೆ ಹೋಗುವುದೆಂದರೆ ಚಪ್ಪಲಿ ಮೆಟ್ಟಿ ಹೊರಟುಬಿಡುವಷ್ಟು ಸಲೀಸೆಂಬ ಅಪಾಯಕಾರಿ ಭಾವನೆ ಮನೆಯಲ್ಲಿ ಬೇರೂರಿರುವುದು ವಿಭಾಗದ ಗಮನಕ್ಕೆ ಬಂದಿದೆ. ಅರ್ಜಿ ಸಲ್ಲಿಕೆಯಾದಾಗ ಮರಿಗಳು ನಿಂಬೆಹಣ್ಣಿನ ಗಾತ್ರದಲ್ಲಿದ್ದವು. ಅವು ಮರಿಗಳಾಗಿರುವಾಗಲೇ ನೋಡಬೇಕೆಂಬುದು ಅರ್ಜಿದಾರಳ ಏಕೈಕ ಬೇಡಿಕೆ. ಅಂದಿನಿಂದ ವಿಭಾಗವು ಎಡೆಬಿಡದೆ ಯೋಜಿಸುತ್ತಿದೆ. ಎಲ್ಲ ಸದಸ್ಯರು ಕೆಳಕಂಡಂತೆ ನಡೆದುಕೊಳ್ಳತಕ್ಕದ್ದು.

1. ಹೊರಡುವ ಮುನ್ನ ಪ್ರತಿಯೊಬ್ಬರೂ ಬಚ್ಚಲಿಗೆ ಹೋಗಿ ಬರತಕ್ಕದ್ದು. "ನಂಗೆ ಬರ್ತಿಲ್ಲ" ಎಂಬ ಹೇಳಿಕೆಯು ಗೇಟಿನವರೆಗೆ ಮಾತ್ರ ಸಿಂಧುವೆಂದು ಅನುಭವದಿಂದ ದೃಢಪಟ್ಟಿದೆ.

2. ಒಂದು ಮಗುವಿಗೆ ಚಪ್ಪಲಿ ತೊಡಿಸುವಷ್ಟರಲ್ಲಿ ಇನ್ನೊಂದು ಬಿಚ್ಚಿ ಎಸೆಯುವ ಪದ್ಧತಿಯನ್ನು ತಕ್ಷಣದಿಂದ ರದ್ದುಪಡಿಸಲಾಗಿದೆ. ಕಳೆದ ಭಾನುವಾರ ಈ ಕಾರಣದಿಂದಲೇ ಸವಾರಿಯು ಗೇಟಿನ ಬಳಿ ಮುಕ್ತಾಯಗೊಂಡು, ಕಟ್ಟಿಕೊಂಡಿದ್ದ ಬುತ್ತಿಯನ್ನು ಮೆಟ್ಟಿಲ ಮೇಲೆ ಕುಳಿತು ತಿನ್ನಲಾಯಿತು.

3. ಟೊಪ್ಪಿ, ನೀರಿನ ಬಾಟಲಿ, ಬದಲಿ ಚಡ್ಡಿ ಹಾಗೂ ಬದಲಿ ಚಡ್ಡಿಗೆ ಬದಲಿ ಚಡ್ಡಿ ಹೊರುವ ಹೊಣೆ ಅಮ್ಮನದು. "ಕತ್ತೆಗಾದ್ರೂ ಒಂದಿನ ರಜ ಇರುತ್ತೆ ಕಣ್ರೀ" ಎಂಬ ಅವರ ಆಕ್ಷೇಪಣೆಯನ್ನು ಸಹಾನುಭೂತಿಯಿಂದ ಪರಿಶೀಲಿಸಿ, ಇನ್ನೂ ದೊಡ್ಡ ಚೀಲ ಒದಗಿಸಲಾಗಿದೆ.

4. "ಇನ್ನೂ ಎಷ್ಟು ದೂರ?" ಎಂದು ಬೀದಿಗೊಮ್ಮೆ ಮಾತ್ರ ಕೇಳತಕ್ಕದ್ದು. ಇರುವುದು ಎರಡೇ ಬೀದಿಯಾಗಿದ್ದು, ಎರಡೂ ಸರದಿ ಚಿನಕುರುಳಿಗೇ ಬೇಕಾಗುವುದರಿಂದ, ಆಕೆಯ ಅಣ್ಣನು ತನ್ನ ಪಾಲಿನದನ್ನು ಮನೆಯಲ್ಲೇ ಕೇಳಿ ಮುಗಿಸತಕ್ಕದ್ದು.

5. ಸವಾರಿಗೆ ಮುನ್ನ ಸ್ಥಳ ಪರಿಶೀಲನೆ ಕಡ್ಡಾಯ. ಪರಿಶೀಲನೆಗೆ ಮಕ್ಕಳು ಅಡ್ಡಿಯಾಗುವುದರಿಂದ ಯೋಜನಾ ಮುಖ್ಯಸ್ಥರು ಮೂರು ಸಲವೂ ಒಬ್ಬರೇ ಹೋಗಿಬಂದಿದ್ದಾರೆ. ನೆರಳು ತೃಪ್ತಿಕರ. ಐಸ್‌ಕ್ರೀಮ್ ತೃಪ್ತಿಕರ, ಸಂಶಯ ನಿವಾರಣೆಗಾಗಿ ಮತ್ತೊಮ್ಮೆ ಖಚಿತಪಡಿಸಿಕೊಳ್ಳಲಾಗಿದೆ. ಜಾರುಬಂಡೆಯ ಬಿಸಿಯನ್ನು ಖುದ್ದಾಗಿ ಕುಳಿತು ಪರೀಕ್ಷಿಸಲಾಗಿದ್ದು, ಅಂದಿನ ಊಟವನ್ನು ಮುಖ್ಯಸ್ಥರು ನಿಂತೇ ಮಾಡಿರುತ್ತಾರೆ. "ನೀನೊಬ್ನೇ ನೋಡ್ಕೊಂಡ್ ಬಂದ್ಯಾ?" ಎಂಬ ಚಿನಕುರುಳಿಯ ಪ್ರಶ್ನೆಯನ್ನು ವಿಷಯಕ್ಕೆ ಸಂಬಂಧಿಸಿದ್ದಲ್ಲವೆಂದು ತಿರಸ್ಕರಿಸಲಾಗಿದೆ.

6. ಕೊನೆಯ ಪರಿಶೀಲನೆಯಲ್ಲಿ ಮರಿಗಳಿಗೆ ಗರಿ ಮೂಡುತ್ತಿರುವುದು ಕಂಡುಬಂದಿದೆ. ಯೋಜನೆ ಅಂತಿಮಗೊಳ್ಳುವ ಮುನ್ನ ಬೆಳೆಯುವುದು ಅಶಿಸ್ತು. ಮುಂದಿನ ಆದೇಶದವರೆಗೆ ಮರಿಗಳು ಮರಿಗಳಾಗಿಯೇ ಇರತಕ್ಕದ್ದೆಂದು ಈ ಮೂಲಕ ಕಟ್ಟುನಿಟ್ಟಾಗಿ ಸೂಚಿಸಲಾಗಿದೆ.

7. ಈ ಸುತ್ತೋಲೆಯ ಕರಡು ಸಿದ್ಧವಾಗುತ್ತಿದ್ದಾಗಲೇ ಒಂದು ಗಂಭೀರ ಲೋಪ ವರದಿಯಾಗಿದೆ. ಹಾಲು ತರಲು ಹೊರಟ ಅಜ್ಜಿಯು ಇಬ್ಬರು ಮಕ್ಕಳನ್ನೂ ಟೊಪ್ಪಿಯಿಲ್ಲದೆ, ಬಾಟಲಿಯಿಲ್ಲದೆ, ಬಚ್ಚಲ ಚಪ್ಪಲಿಯಲ್ಲೇ ಕೊಳಕ್ಕೆ ಕರೆದೊಯ್ದು ವಾಪಸು ತಂದಿರುತ್ತಾರೆ. ವಿವರಣೆ ಕೇಳಲಾಗಿ, "ಹರಿಯೋ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಯಾಕಪ್ಪಾ? ನೀನು ಬರೀತಾ ಇರು" ಎಂದು ತಿಳಿಸಿ ಹಾಲು ಕಾಯಿಸಲು ತೆರಳಿರುತ್ತಾರೆ. "ಕೊನೇ ಮರಿ ಕುಂಟುತ್ತೆ ಅಪ್ಪಾ, ಅದಕ್ಕೋಸ್ಕರ ಅವ್ರಮ್ಮ ನಿಲ್ತಾಳೆ. ನೀನು ನೋಡ್ಲಿಲ್ವಾ?" ಎಂದು ಚಿನಕುರುಳಿ ವಿಚಾರಿಸಿರುತ್ತಾಳೆ. ಮುಖ್ಯಸ್ಥರ ಮೂರೂ ವರದಿಗಳನ್ನು ತಿರುವಿ ಹಾಕಲಾಯಿತು. ಕುಂಟುವ ಮರಿಯ ಪ್ರಸ್ತಾಪ ಎಲ್ಲಿಯೂ ಇಲ್ಲ.

8. ಆದಕಾರಣ ಮರುಪರಿಶೀಲನೆಯನ್ನು ನಾಳೆ ಹಾಲು ತರುವ ಹೊತ್ತಿಗೆ ನಿಗದಿಪಡಿಸಲಾಗಿದೆ. ನೇತೃತ್ವ: ಚಿನಕುರುಳಿ. ರಸ್ತೆ ದಾಟುವಾಗ ಮುಖ್ಯಸ್ಥರು ಆಕೆಯ ಕೈ ಬಿಡಕೂಡದು. ಹೊರಡುವ ಮುನ್ನ ಬಚ್ಚಲಿಗೆ ಹೋಗಿ ಬರುವಂತೆ ಅವರಿಗೆ ಸೂಚಿಸಲಾಗಿದೆ.

ಸಹಿ/-
ಅಪ್ಪ
ಯೋಜನಾ ಮುಖ್ಯಸ್ಥರು (ಸ್ವಯಂ ನೇಮಕ)

ಪ್ರತಿಗಳು:
ಅಮ್ಮನಿಗೆ: ದೊಡ್ಡ ಚೀಲವನ್ನು ಹಿಂದಿರುಗಿಸುವ ಸಲುವಾಗಿ.
ಅಜ್ಜಿಗೆ: ಕನ್ನಡಕ ಸಿಕ್ಕ ಬಳಿಕ ಓದಿಕೊಳ್ಳಲು.
ಅಣ್ಣನಿಗೆ: ಪ್ರಶ್ನೆಯ ಬಾಕಿ ಪಾಲು ಊರ್ಜಿತವಿರುತ್ತದೆ.
ಬಾತುಕೋಳಿಗಳಿಗೆ: ಕಲಂ 6ರ ಪಾಲನೆಗಾಗಿ.
ಕಚೇರಿ ಪ್ರತಿ: ಚಿನಕುರುಳಿ ಇದರಲ್ಲಿ ದೋಣಿ ಮಾಡಿರುತ್ತಾಳೆ.