ಮಾವಿನ ಕ್ರೇಟಿಗೆ ಅಂಟಿದ ಇಂಗ್ಲಿಷು

ಹೆಚ್ಚು ಓದದವನಿಗೆ ಓದುವ ಮೊಮ್ಮಗಳಿದ್ದರೆ ಅವನ ಜಂಬಕ್ಕೆ ಲಗಾಮೇ ಇರುವುದಿಲ್ಲ. ಮೂರನೇ ಕ್ಲಾಸು ದಾಟದ ನಾನು ಆರನೇ ಕ್ಲಾಸಿನ ಭವ್ಯಳಿಂದ ಇಂಗ್ಲಿಷ್ ವ್ಯಾಕರಣ ಕಲಿತೆನೆಂದು ಯಲ್ದೂರಿನಲ್ಲಿ ಯಾರಿಗೆ ಹೇಳಿಲ್ಲ? ಆದರೆ ಮನೆಯಲ್ಲಿ ಪಟಪಟ ಅನ್ನುವ ಹುಡುಗಿ ಕ್ಲಾಸಿನಲ್ಲಿ ಇಂಗ್ಲಿಷ್ ಓದು ಎಂದರೆ ಬಾಯೇ ಬಿಡುತ್ತಿರಲಿಲ್ಲ. ನಾಳೆ ಎಲ್ಲರೆದುರು ಓದಲೇಬೇಕು ಎಂದಿದ್ದರಂತೆ ಟೀಚರು. ಓದಬೇಕಾದ್ದನ್ನೆಲ್ಲ ರಟ್ಟಿನ ಚೀಟಿಗಳಲ್ಲಿ ಬರೆದುಕೊಂಡು ನನ್ನ ಮುಂದೆ ಕೂತಳು.

"ನೋಡು ತಾತಾ, ಟ್ರೀ ಅಂದ್ರೆ ಮರ. ಯಾವ ಮರ? ಮುಂದೆ ಮ್ಯಾಂಗೋ ಇಟ್ರೆ ಮಾವಿನ ಮರ. ಎರಡೂ ಹೆಸರೇ, ಆದ್ರೆ ಮುಂದಿಂದು ಹಿಂದಿಂದನ್ನ ಇಂಥದ್ದು ಅಂತ ತೋರಿಸುತ್ತೆ. ಬಿಗ್ ಇಟ್ರೆ ದೊಡ್ಡ ಮರ. ಅದು ಗುಣ."

"ಇಷ್ಟೇನಾ? ಕ್ರೇಟಿಗೆ ಬಾದಾಮಿ, ರಸಪುರಿ ಅಂತ ಚೀಟಿ ಅಂಟಿಸ್ತೀವಲ್ಲ, ಹಂಗೆ!"

"ಹೂಂ ತಾತಾ, ಹಂಗೇ!"

ಆ ಹೂಂ ನನ್ನ ತಲೆಗೇರಿತು. ಬೆಳಗ್ಗೆ ಹಣ್ಣು ಒಯ್ಯಲು ಟೆಂಪೋ ಬಂದಾಗ ಜಗಲಿಯ ಮೇಲೆ ಚೀಟಿಗಳು ಕಂಡವು. ಕನ್ನಡಕವಿಲ್ಲದ ನನ್ನ ಕಣ್ಣಿಗೆ ಎಲ್ಲ ಅಕ್ಷರವೂ ಇರುವೆಯೇ. ಮಗ ತಳಿಯ ಹೆಸರು ಬರೆದಿಟ್ಟಿದ್ದಾನೆಂದು ಗಂಜಿ ಸವರಿ, ಕ್ರೇಟುಗಳಿಗೆ ಅಂಟಿಸಿ, ಶ್ರೀನಿವಾಸಪುರದ ಮಂಡಿಗೆ ಕಳಿಸಿಬಿಟ್ಟೆ. "ಚೀಟಿ ಇಲ್ದೆ ನಾನು ಸ್ಕೂಲಿಗೇ ಹೋಗಲ್ಲ" ಎಂದು ಭವ್ಯ ಅತ್ತಳು. ಅವಳನ್ನು ಕರೆದುಕೊಂಡು ಬಸ್ಸು ಹತ್ತಿದೆ.

ಮಂಡಿ ಸಾಹುಕಾರ ತಲೆ ಕೆರೆದುಕೊಳ್ಳುತ್ತಿದ್ದ. "ಏನ್ ತಾತಾ, ಇದ್ಯಾವ ತಳಿ? ನಮ್ಗೆ ಕನ್ನಡ, ತೆಲುಗು ಬಿಟ್ರೆ ಬರಲ್ಲ. ಓದಿ ಹೇಳು."

ನಾನು ಓದುವುದೆ! ಹಮಾಲಿಗಳು ಸುತ್ತ ನೆರೆದರು. ಭವ್ಯ ನನ್ನ ಪಂಚೆಯ ಹಿಂದೆ ಅಡಗಿದಳು. "ನಮ್ ತೋಟದ ಹಣ್ಣು ಕಣವ್ವಾ, ಓದು" ಎಂದೆ. ಇಷ್ಟೇ ಇಷ್ಟು ದನಿಯಲ್ಲಿ ಓದಿದಳು: "ಬಿಗ್ ಬ್ಲ್ಯಾಕ್ ಬಫೆಲೊ."

"ಬಫೆಲೊ ಅಂದ್ರೆ ಎಮ್ಮೆ ಕಣ್ರೋ! ಹುಷಾರಾಗಿ ಎತ್ತು ಲೇ, ಹಾಯ್ತದೆ!" ಎಂದ ಒಬ್ಬ ಹಮಾಲಿ. ಮಂಡಿಯೆಲ್ಲ ನಕ್ಕಿತು. ಭವ್ಯಳೂ ನಕ್ಕಳು. "ಬರೀ ಎಮ್ಮೆ ಅಲ್ಲ ಅಣ್ಣಾ, ಬ್ಲ್ಯಾಕ್ ಇದೆಯಲ್ಲ, ಕರೀ ಎಮ್ಮೆ. ಬಿಗ್ ಬೇರೆ ಇದೆ!" ಎಂದು ಗಟ್ಟಿಯಾಗಿ ತಿದ್ದಿದಳು. ಮಿಕ್ಕ ಚೀಟಿಗಳನ್ನು ಕ್ರೇಟಿಂದ ಕ್ರೇಟಿಗೆ ಹಾರುತ್ತ ಓದಿಯೇ ಕಿತ್ತುಕೊಂಡಳು.

ಅವಳನ್ನು ವಾಪಸು ತಂದು ಸ್ಕೂಲಿಗೆ ಬಿಟ್ಟವನು ಮನೆಗೆ ಹೋಗಬೇಕಿತ್ತು. ಕಿಟಕಿಯ ಹೊರಗೆ ನಿಂತೆ. ಅವಳ ದನಿ ಕೇಳಿತು, ಒಂದು ಚೂರೂ ನಡುಗಲಿಲ್ಲ. "ಭೇಷ್ ಕಣವ್ವಾ!" ಎಂದು ಕೂಗಿಯೇಬಿಟ್ಟೆ. ಟೀಚರು ಹೊರಗೆ ಬಂದು, "ತಾತ, ಪಾಠ ನಡೀತಿದೆ, ಗೇಟಿನಾಚೆ ಹೋಗಿ" ಎಂದರು. ಕ್ಲಾಸಿನಿಂದ ಓಡಿಸಿಕೊಳ್ಳುವುದರಲ್ಲಿ ಇಷ್ಟು ಸುಖವಿದೆಯೆಂದು ಗೊತ್ತಿದ್ದರೆ, ನಾನು ಇನ್ನೂ ನಾಲ್ಕು ಕ್ಲಾಸು ಓದುತ್ತಿದ್ದೆ.