ಪುಸ್ತಕದಲ್ಲಿಲ್ಲದ ಮಳೆ

ಹವಾಮಾನ ಕಚೇರಿಯ ತಾರಸಿಯ ಮೇಲೆ ರಾತ್ರಿ ಬೆಳಗಾಗುವುದರೊಳಗೆ ಎದ್ದು ನಿಂತಿದ್ದ ಕಬ್ಬಿಣದ ಕಂಬವನ್ನು ಮಳೆರಾಯರು ಬಟ್ಟೆ ಒಣಗಿಸುವ ಕಂಬವೆಂದೇ ತಿಳಿದರು. ಐವತ್ತೆಂಟು ಮೆಟ್ಟಿಲು ಹತ್ತಿ ಬಂದಿದ್ದರಿಂದ ಕುತ್ತಿಗೆಯ ಬೆವರು ಒರೆಸಿ, ಟವೆಲನ್ನು ಅದರ ಮೇಲೆ ನೇತು ಹಾಕಿದರು. ಹಿಂದೆ ನಿಂತಿದ್ದ ಹುಡುಗಿ ಅದನ್ನು ತೆಗೆದು, ಮಡಿಸಿ, ಎರಡೂ ಕೈಯಲ್ಲಿ ಅವರಿಗೆ ಒಪ್ಪಿಸಿದಳು.

"ಇದು ಯಂತ್ರ ಸರ್," ಎಂದಳು.

ಮಳೆರಾಯರು ಎಂಬುದು ಅವರ ನಿಜವಾದ ಹೆಸರಲ್ಲ. ಆದರೆ ಇಪ್ಪತ್ತೇಳು ವರ್ಷಗಳಿಂದ ದಿನಕ್ಕೆ ಮೂರು ಸಲ ಆ ತಾರಸಿ ಹತ್ತಿ, ಬಿಳಿ ಮರದ ಪೆಟ್ಟಿಗೆಯೊಳಗಿನ ಥರ್ಮಾಮೀಟರುಗಳನ್ನು ನೋಡಿ, ಮಳೆ ಹಿಡಿಯುವ ಡಬ್ಬಿಯಲ್ಲಿ ನೀರಿದ್ದರೆ ಅದನ್ನು ಗಾಜಿನ ಅಳತೆಗೆ ಸುರಿದು, ಕೆಳಗಿಳಿದು ಪುಸ್ತಕದಲ್ಲಿ ಬರೆಯುವ ಮನುಷ್ಯನನ್ನು ಬೀದಿಯವರು ಇನ್ನೇನೆಂದು ಕರೆದಾರು? ಮಳೆ ಬಂದರೆ ಯಾರೂ ಅವರನ್ನು ನೆನೆಯುತ್ತಿರಲಿಲ್ಲ. ಬಾರದಿದ್ದರೆ ಮಾತ್ರ ಅವರೇ ಎಲ್ಲೋ ಬಚ್ಚಿಟ್ಟಿದ್ದಾರೆ ಎಂಬಂತೆ ನೋಡುತ್ತಿದ್ದರು.

ಕೆಳಗಿಳಿದು ಬಂದರೆ ಯಂತ್ರದ ಅಂಕಿ ತೋರಿಸುವ ಒಂದು ಪರದೆಯೂ ಗೋಡೆಗೆ ತೂಗುತ್ತಿತ್ತು. ಸೂಪರಿಂಟೆಂಡೆಂಟರು ಪ್ರಧಾನ ಕಚೇರಿಯ ಸುತ್ತೋಲೆಯನ್ನು ಓದಿ ಹೇಳಿದರು. ಇಂದು ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಗಂಟೆಗೊಮ್ಮೆ ಯಂತ್ರದ ಅಂಕಿಯನ್ನೂ ಮಳೆರಾಯರ ಅಂಕಿಯನ್ನೂ ತಾಳೆ ನೋಡಬೇಕು. ಸಂಜೆ ನಿರ್ದೇಶಕರೇ ಖುದ್ದಾಗಿ ಬಂದು ಫಲಿತಾಂಶ ಪರಿಶೀಲಿಸುತ್ತಾರೆ. ಯಂತ್ರವನ್ನು ನೋಡಿಕೊಳ್ಳಲು ಈ ಹುಡುಗಿ ಬಂದಿದ್ದಾಳೆ.

ಮಳೆರಾಯರಿಗೆ ಒಳಗೊಳಗೇ ಖುಷಿಯಾಯಿತು. ನೆಟ್ಟ ಮೊದಲ ದಿನವೇ ಆ ಕಂಬ ಏನು ಮಹಾ ಹೇಳೀತು? ಅದಕ್ಕೆ ಈ ಊರಿನ ಗಾಳಿ ಗೊತ್ತೇ, ಮೋಡ ಗೊತ್ತೇ? ಸಂಜೆಯೊಳಗೆ ಅದರ ಮಾನ ಮೂರು ಕಾಸಿಗೆ ಹರಾಜಾಗುವುದನ್ನು ಕಣ್ಣಾರೆ ನೋಡುವುದೇ ಉಳಿದಿತ್ತು. ಅಲ್ಲಿಯವರೆಗೆ ಪರದೆಯ ಕಡೆ ತಲೆ ಎತ್ತಿಯೂ ನೋಡುವುದಿಲ್ಲ ಎಂದು ತೀರ್ಮಾನಿಸಿ, ಕುರ್ಚಿಯನ್ನು ಅದಕ್ಕೆ ಬೆನ್ನಾಗುವಂತೆ ತಿರುಗಿಸಿ ಹಾಕಿಕೊಂಡರು.

ಒಂಬತ್ತಕ್ಕೆ ಸರಿಯಾಗಿ ಹತ್ತಿ ಇಳಿದು ಬರೆದರು. ಉಷ್ಣಾಂಶ ಇಪ್ಪತ್ತೇಳು ಪಾಯಿಂಟ್ ಆರು, ತೇವಾಂಶ ನೂರಕ್ಕೆ ಅರವತ್ತೆಂಟು, ಮಳೆ ಸೊನ್ನೆ. ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟು ನೀರು ಕುಡಿಯಲು ಹೋದರು. ಹುಡುಗಿ ಎದ್ದು ಬಂದು ಪುಸ್ತಕ ನೋಡಿಕೊಂಡು ತನ್ನ ಜಾಗಕ್ಕೆ ಮರಳಿದಳು. ತಾಳೆ ನೋಡುವುದು ಎಂದರೆ ಹಾಗೆಯೇ ತಾನೆ. ಮಳೆರಾಯರು ಲೋಟ ಕೆಳಗಿಟ್ಟು ಬರುವಷ್ಟರಲ್ಲಿ ಸೂಪರಿಂಟೆಂಡೆಂಟರು ಪರದೆಯ ಮುಂದೆ ನಿಂತು ಕೈ ಕುಲುಕಲು ಯಾರಾದರೂ ಸಿಕ್ಕಾರೇ ಎಂದು ಹುಡುಕುತ್ತಿದ್ದರು. ಪರದೆಯಲ್ಲಿ ಇಪ್ಪತ್ತೇಳು ಪಾಯಿಂಟ್ ಆರು, ಅರವತ್ತೆಂಟು, ಸೊನ್ನೆ.

ಕುರುಡನ ಕಲ್ಲು ಒಮ್ಮೆ ಗುರಿಗೆ ತಾಗುತ್ತದೆ ಎಂದುಕೊಂಡು ಮಳೆರಾಯರು ಹತ್ತಕ್ಕೆ ಮತ್ತೆ ಹತ್ತಿದರು. ಈ ಸಲ ಕನ್ನಡಕ ಒರೆಸಿ, ಉಸಿರು ಬಿಗಿ ಹಿಡಿದು, ಪಾದರಸದ ನೆತ್ತಿಗೆ ಕಣ್ಣು ಸಮನಾಗುವಂತೆ ಬಗ್ಗಿ ನೋಡಿದರು. ಇಪ್ಪತ್ತೊಂಬತ್ತು ಪಾಯಿಂಟ್ ಎರಡು. ತೇವಾಂಶ ಅರವತ್ತೊಂದು. ಬರೆದು ಐದು ನಿಮಿಷವಾಗಿತ್ತಷ್ಟೆ, ಪರದೆಯೂ ಅದನ್ನೇ ಹೇಳಿತು. ಪಾಯಿಂಟ್ ಎರಡರ ಎರಡನ್ನೂ ಬಿಟ್ಟಿರಲಿಲ್ಲ.

ಮಳೆರಾಯರು ಕುರ್ಚಿಯಲ್ಲಿ ಕುಳಿತರು. ಇಪ್ಪತ್ತೇಳು ವರ್ಷ ತಾನೊಬ್ಬನೇ ಮಾಡುತ್ತ ಬಂದ ಕೆಲಸವನ್ನು ಒಂದು ಕಂಬ ಮೊದಲ ದಿನವೇ, ಮೆಟ್ಟಿಲು ಹತ್ತದೆ, ಕನ್ನಡಕ ಹಾಕದೆ ಮಾಡಿ ಮುಗಿಸಿತ್ತು. ಅವರ ಎಡಮೊಣಕಾಲು ಅಷ್ಟರಲ್ಲಿ ಹಳೆಯ ಬಾಗಿಲಿನ ಕೀಲಿನಂತೆ ಕಿರುಗುಟ್ಟುತ್ತಿತ್ತು. ಇಷ್ಟು ದಿನ ಬೆಳಗ್ಗೆ, ಮಧ್ಯಾಹ್ನ, ಸಂಜೆ ಎಂದು ಮೂರು ಸಲ ಹತ್ತಿದ್ದ ಕಾಲು, ಗಂಟೆಗೊಂದು ಸಲವೆಂದರೆ ಕೇಳುವುದಾದರೂ ಹೇಗೆ?

ಆಗ ಸೂಪರಿಂಟೆಂಡೆಂಟರು ಪಕ್ಕಕ್ಕೆ ಬಂದು ಬಗ್ಗಿದರು. ಸುತ್ತೋಲೆಯ ಎರಡನೆಯ ಪುಟವನ್ನು ನೀವು ಓದಿದ ಹಾಗೆ ಕಾಣಲಿಲ್ಲ ಎಂದರು. ಮಳೆರಾಯರು ಎರಡನೆಯ ಪುಟವಿದೆ ಎಂಬುದನ್ನೇ ಅರಿತಿರಲಿಲ್ಲ. ಅದರಲ್ಲಿ ಒಂದೇ ವಾಕ್ಯವಿತ್ತು: ಅಂಕಿಗಳಲ್ಲಿ ವ್ಯತ್ಯಾಸ ಕಂಡುಬಂದಲ್ಲಿ ಅದನ್ನು ವೀಕ್ಷಕರ ದೋಷವೆಂದು ಪರಿಗಣಿಸಿ, ಸದರಿ ವೀಕ್ಷಕರನ್ನು ಹಳೆಯ ಕಡತಗಳ ಕೋಣೆಗೆ ನಿಯೋಜಿಸತಕ್ಕದ್ದು.

ಕಡತಗಳ ಕೋಣೆ ನೆಲಮಾಳಿಗೆಯಲ್ಲಿತ್ತು. ಅಲ್ಲಿ ಕಿಟಕಿ ಇರಲಿಲ್ಲ. ಹಿಂದೆ ಅಲ್ಲಿ ಕೆಲಸ ಮಾಡಿದವರೊಬ್ಬರು ಊಟಕ್ಕೆಂದು ಮೇಲೆ ಬಂದಾಗಲೆಲ್ಲ ಹಗಲನ್ನು ಕಂಡು ಕಣ್ಣು ಕಿರಿದು ಮಾಡುತ್ತಿದ್ದರು. ಇಷ್ಟು ವರ್ಷ ಆಕಾಶದ ಕೆಳಗೆ ಕೆಲಸ ಮಾಡಿದವನನ್ನು ಗೆದ್ದಲಿನ ಜೊತೆ ಕೂಡಿಸುವುದೆಂದರೇನು?

"ನೀವು ಮೇಲೆ ಹೋಗಿ ನೋಡಿ, ಇಳಿದು ಬಂದು ಬರೆಯೋ ಅಷ್ಟರಲ್ಲಿ ಒಂದು ಪಾಯಿಂಟ್ ಹೆಚ್ಚುಕಮ್ಮಿ ಆದ್ರೂ ಕಷ್ಟ," ಎಂದರು ಸೂಪರಿಂಟೆಂಡೆಂಟರು. "ನಾನು ಏನೂ ಹೇಳಿಲ್ಲ. ಪರದೆ ನಿಮ್ಮ ಬೆನ್ನ ಹಿಂದೇನೇ ಇದೆ."

ಹನ್ನೊಂದಕ್ಕೆ ಮಳೆರಾಯರು ಎದ್ದು, ಕುರ್ಚಿಯನ್ನು ಪರದೆಯತ್ತ ತಿರುಗಿಸಿ ಮತ್ತೆ ಕುಳಿತರು. ಪರದೆಯಲ್ಲಿ ಇಪ್ಪತ್ತೊಂಬತ್ತು ಪಾಯಿಂಟ್ ಎರಡು ಎಂದಿತ್ತು. ಹಾಗೆಯೇ ಬರೆದರು. ಹನ್ನೆರಡಕ್ಕೂ ಅಷ್ಟೇ ಇತ್ತು. ಅಷ್ಟೇ ಬರೆದರು. ಕಾಲಿಗೆ ನೋವಿಲ್ಲ, ಮೈಗೆ ಬೆವರಿಲ್ಲ. ಇಂಥ ಸುಖವನ್ನು ಬೆಳಗ್ಗೆಯಿಂದಲೂ ಹಳಿದುಕೊಂಡು ಬಂದೆನಲ್ಲ ಎಂದು ಅವರಿಗೆ ನಾಚಿಕೆಯಾಯಿತು. ಪರದೆಯ ಅಂಚಿನಲ್ಲಿದ್ದ ಧೂಳನ್ನು ಅದೇ ಟವೆಲಿನಿಂದ ಒರೆಸಿದರು. ಹುಡುಗಿ ಗಂಟೆಗೊಮ್ಮೆ ಪುಸ್ತಕ ನೋಡಲು ಬಂದಾಗ ಕುರ್ಚಿ ಸರಿಸಿ ದಾರಿ ಬಿಟ್ಟರು, ಬುತ್ತಿಯಲ್ಲಿದ್ದ ಬಾಳೆಹಣ್ಣು ಕೊಟ್ಟರು.

ಹನ್ನೆರಡೂವರೆಗೆ ಹೆಂಡತಿಯ ಫೋನು ಬಂತು. ಬೀದಿಯ ತುದಿಯ ಶಾಲೆಗೆ ಆಕೆ ಮುಖ್ಯೋಪಾಧ್ಯಾಯಿನಿ. ಅಂದು ಎರಡು ಗಂಟೆಗೆ ಮೈದಾನದಲ್ಲಿ ಮಕ್ಕಳ ಓಟದ ಪಂದ್ಯ. ಪಶ್ಚಿಮದ ಕಡೆ ಕಪ್ಪಗೆ ಕಾಣುತ್ತಿದೆ, ನಡೆಸಲೋ ಬೇಡವೋ ಎಂದು ಕೇಳಿದರು. ಬೇರೆ ದಿನವಾಗಿದ್ದರೆ ಮಳೆರಾಯರು ತಾರಸಿಗೆ ಹೋಗಿ, ಮೂಗೆತ್ತಿ ಗಾಳಿ ಮೂಸಿ, ಇಳಿದು ಬಂದು ಹೇಳುತ್ತಿದ್ದರು. ಅವರ ಮೂಗು ಈ ಮದುವೆಯಲ್ಲಿ ಇದುವರೆಗೆ ತಪ್ಪಿರಲಿಲ್ಲ. ಈಗ ಕುಳಿತಲ್ಲಿಂದಲೇ ಪರದೆ ನೋಡಿದರು. ತೇವಾಂಶ ಹತ್ತು ಗಂಟೆಯಿಂದ ಒಂದು ಚೂರೂ ಏರಿಲ್ಲ, ಮಳೆ ಎಲ್ಲಿಂದ ಬರಬೇಕು ಎಂದು ಕೇಳಿದರು.

"ಕಪ್ಪಗಿದೆ ರೀ," ಎಂದರು ಹೆಂಡತಿ.

"ಯಂತ್ರದಲ್ಲಿ ಕಪ್ಪಿಲ್ಲ. ಧೈರ್ಯವಾಗಿ ನಡೆಸು."

ಎರಡು ಗಂಟೆ ಹತ್ತು ನಿಮಿಷಕ್ಕೆ ಕಚೇರಿಯ ಕಿಟಕಿಗಳು ಒಮ್ಮೆಲೇ ಬಡಿದುಕೊಂಡವು. ಆಮೇಲೆ ಮಳೆ ಬಿತ್ತು. ಸುಮ್ಮನೆ ಬೀಳುವ ಮಳೆಯಲ್ಲ, ಹಳೆಯ ಬಾಕಿ ತೀರಿಸಲು ಬಂದವನಂತೆ ಹೊಡೆಯುವ ಮಳೆ. ಎದುರಿನ ಕಟ್ಟಡ ಮಾಯವಾಯಿತು. ಬೀದಿಯಲ್ಲಿ ಯಾರದೋ ಬಕೀಟು ತೇಲುತ್ತ ಹೋಯಿತು. ಮೂರು ಗಂಟೆ ಹೊಡೆಯಿತು. ಮಳೆರಾಯರು ಕಿಟಕಿ ನೋಡಿದರು, ಪರದೆ ನೋಡಿದರು. ಪರದೆಯಲ್ಲಿ ಮಳೆ ಸೊನ್ನೆ. ಸೊನ್ನೆಯಲ್ಲದೆ ಬೇರೆ ಬರೆದರೆ ವ್ಯತ್ಯಾಸ. ವ್ಯತ್ಯಾಸವೆಂದರೆ ನೆಲಮಾಳಿಗೆ. ಅವರು ಸೊನ್ನೆಯನ್ನು ದುಂಡಗೆ, ಮುತ್ತಿನಂತೆ ಬರೆದರು.

ಹುಡುಗಿ ಬಂದು ಪುಸ್ತಕ ನೋಡಿದಳು. ಕಿಟಕಿ ನೋಡಿದಳು. ಮತ್ತೆ ಪುಸ್ತಕ ನೋಡಿದಳು.

"ಸರ್, ಇದು ಮಳೆ ತಾನೆ?" ಎಂದು ಮೆಲ್ಲಗೆ ಕೇಳಿದಳು.

ಯಂತ್ರದವಳೇ ತನ್ನನ್ನು ಪರೀಕ್ಷಿಸುತ್ತಿದ್ದಾಳೆಂದು ಮಳೆರಾಯರು ಎಚ್ಚರಗೊಂಡರು. "ಮಳೆ ಅನ್ನೋದು ಕಣ್ಣಿಗೆ ಕಾಣೋದಲ್ಲಮ್ಮ. ಅಳತೆಗೆ ಸಿಗೋದು. ಅಳತೆಗೆ ಸಿಗದೇ ಇದ್ರೆ ಅದು ಬರೀ ನೀರು," ಎಂದರು.

ಹುಡುಗಿ ಬಹಳ ಹೊತ್ತು ಯೋಚಿಸಿದಳು. ಆಮೇಲೆ ತಲೆಯಾಡಿಸಿ ತನ್ನ ಜಾಗಕ್ಕೆ ಹೋದಳು. ಇಪ್ಪತ್ತೇಳು ವರ್ಷದ ಅನುಭವದ ಮುಂದೆ ಎರಡು ವರ್ಷದ ಓದು ಏನು ಮಾತಾಡೀತು?

ಮೂರೂವರೆಗೆ ಹೆಂಡತಿ ಬಂದರು. ಕೊರಳಲ್ಲಿ ಸೀಟಿ ಇತ್ತು, ಸೀಟಿಯಿಂದಲೂ ನೀರು ತೊಟ್ಟಿಕ್ಕುತ್ತಿತ್ತು. ಎಪ್ಪತ್ತು ಮಕ್ಕಳನ್ನು ಮೈದಾನದಿಂದ ತರಗತಿಗೆ ಸಾಗಿಸಿ, ಎಣಿಸಿ, ಒಬ್ಬ ಕಡಿಮೆಯಾಗಿ, ಅವನು ಮೇಜಿನ ಕೆಳಗೆ ಸಿಕ್ಕಿ, ಆಮೇಲೆ ಬಂದಿದ್ದರು. ಬಹುಮಾನದ ಪ್ರಮಾಣಪತ್ರಗಳ ಕಟ್ಟನ್ನು ಗಂಡನ ಮೇಜಿನ ಮೇಲೆ ಇಟ್ಟರು. ಅದು ಒದ್ದೆ ರೊಟ್ಟಿಯ ಹಾಗೆ ಕುಳಿತುಕೊಂಡಿತು. ಮಕ್ಕಳ ಹೆಸರೆಲ್ಲ ಕರಗಿ ಒಂದರೊಳಗೊಂದು ಸೇರಿಹೋಗಿದ್ದವು.

ಅಷ್ಟು ಜನರೆದುರು ಮಳೆರಾಯರು ಏನು ಹೇಳಿಯಾರು? ಬಾಗಿಲಲ್ಲಿ ಸೂಪರಿಂಟೆಂಡೆಂಟರು ನಿಂತಿದ್ದರು, ಮೂಲೆಯಲ್ಲಿ ಯಂತ್ರದ ಹುಡುಗಿ ಕಿವಿ ಕೊಟ್ಟು ಕೂತಿದ್ದಳು. ಅವರು ಪರದೆಯತ್ತ ಬೆರಳು ತೋರಿಸಿ, ಸೊನ್ನೆ ಇದೆ ನೋಡು ಎಂದರು.

"ನನ್ನ ಕಡೆ ನೋಡಿ," ಎಂದರು ಹೆಂಡತಿ.

ಮಳೆರಾಯರು ಅದೊಂದು ಕಡೆ ಬಿಟ್ಟು ಉಳಿದೆಲ್ಲ ಕಡೆ ನೋಡಿದರು. ಹೆಂಡತಿ ಸೀಟಿಯನ್ನು ಅವರ ಪುಸ್ತಕದ ಮೇಲೆ ಅಲ್ಲಾಡಿಸಿ ನಾಲ್ಕು ಹನಿ ಬೀಳಿಸಿ, ಇದನ್ನಾದರೂ ಬರೆದುಕೊಳ್ಳಿ ಎಂದು ಹೇಳಿ ಹೊರಟುಹೋದರು. ಮಳೆರಾಯರು ಹನಿಗಳನ್ನು ಒತ್ತುಕಾಗದದಿಂದ ಹೀರಿಸಿದರು. ನಾಲ್ಕಕ್ಕೆ ಸೊನ್ನೆ ಬರೆದರು. ಐದಕ್ಕೂ ಸೊನ್ನೆ ಬರೆದರು.

ಐದು ಗಂಟೆ ಐದು ನಿಮಿಷಕ್ಕೆ ನಿರ್ದೇಶಕರು ಒಳಗೆ ಬಂದರು. ಅವರ ಕಾರು ಬೀದಿಯ ನೀರಿನಲ್ಲಿ ನಿಂತುಹೋಗಿ, ಉಳಿದ ದೂರವನ್ನು ಅವರು ನಡೆದೇ ಬಂದಿದ್ದರು. ಕೊಡೆ ಗಾಳಿಗೆ ಮಗುಚಿ ಹೂದಾನಿಯಂತಾಗಿತ್ತು. ನಿಂತಲ್ಲೇ ಅವರ ಸುತ್ತ ಒಂದು ಸಣ್ಣ ಕೆರೆಯಾಯಿತು. ಹಲ್ಲು ಕಟಕಟಿಸುತ್ತ ಪರದೆ ನೋಡಿದರು. ಇಪ್ಪತ್ತೊಂಬತ್ತು ಪಾಯಿಂಟ್ ಎರಡು, ಅರವತ್ತೊಂದು, ಮಳೆ ಸೊನ್ನೆ. ಪುಸ್ತಕ ನೋಡಿದರು. ಇಪ್ಪತ್ತೊಂಬತ್ತು ಪಾಯಿಂಟ್ ಎರಡು, ಅರವತ್ತೊಂದು, ಮಳೆ ಸೊನ್ನೆ.

ಹೊರಗೆ ಏನದು ಎಂದು ಅವರು ಕೇಳಿದರು. ಅದು ಯಂತ್ರದಲ್ಲೂ ಇಲ್ಲ, ಪುಸ್ತಕದಲ್ಲೂ ಇಲ್ಲ ಎಂದು ಸೂಪರಿಂಟೆಂಡೆಂಟರು ವಿನಯದಿಂದ ತಿಳಿಸಿದರು.

ಮಳೆರಾಯರ ಕಣ್ಣ ಮುಂದೆ ಕಡತಗಳ ಕೋಣೆಯ ಬಾಗಿಲು ತೆರೆದುಕೊಂಡಿತು. ಹುಡುಗಿಯ ಮುಖವೂ ಸುಣ್ಣದ ಗೋಡೆಯಾಗಿತ್ತು. ಅವಳಿಗೇಕೆ ಇಷ್ಟು ಹೆದರಿಕೆ ಎಂದು ಅವರಿಗೆ ಅರ್ಥವಾಗಲಿಲ್ಲ. ನಿರ್ದೇಶಕರು ತಮ್ಮ ಅಂಗಿಯ ತೋಳನ್ನು ಹಿಂಡಿದರು. ಹಿಂಡಿದ ನೀರು ನೆಲಕ್ಕೆ ಬೀಳುವುದನ್ನು ಸ್ವಲ್ಪ ಹೊತ್ತು ನೋಡಿದರು.

"ಒಂದು ಕಡೆ ತಪ್ಪಾಗಬಹುದು," ಎಂದರು ಕೊನೆಗೆ. "ಎರಡೂ ಕಡೆ ಹೇಗೆ ತಪ್ಪಾಗತ್ತೆ?"

ಅವರು ಹನ್ನೊಂದು ಕೇಂದ್ರ ಸುತ್ತಿ ಬಂದಿದ್ದರಂತೆ. ಎಲ್ಲೂ ಯಂತ್ರಕ್ಕೂ ಮನುಷ್ಯನಿಗೂ ತಾಳೆಯಾಗಿರಲಿಲ್ಲ. ಒಂಬತ್ತು ಸಲ ನೋಡಿ ಒಂಬತ್ತು ಸಲವೂ ಒಂದು ಪಾಯಿಂಟಿನ ವ್ಯತ್ಯಾಸವಿಲ್ಲದ ಕೇಂದ್ರ ಇದೊಂದೇ. ಮಳೆರಾಯರ ಒಣ ಕೈಯನ್ನು ತಮ್ಮ ಒದ್ದೆ ಕೈಯಿಂದ ಕುಲುಕಿ, ಇದನ್ನು ಮಾದರಿ ಕೇಂದ್ರವೆಂದು ಘೋಷಿಸಿದರು. ಉಳಿದ ಹನ್ನೊಂದು ಯಂತ್ರಗಳನ್ನು ಇದಕ್ಕೆ ಹೊಂದಿಸಿ ಸರಿಪಡಿಸಲಾಗುವುದು. ಹಾಗಾಗಿ ಇಂಥ ಜೋಡಿಯನ್ನು ಒಡೆಯಬಾರದು, ಈ ಸಂಜೆಯಿಂದಲೇ ಇಬ್ಬರೂ ಗಂಟೆಗೊಮ್ಮೆ ಅಂಕಿ ಕೊಡುತ್ತಿರಬೇಕು ಎಂದು ಅಲ್ಲೇ ಆದೇಶ ಬರೆದು ಸಹಿ ಮಾಡಿದರು. ಸಹಿ ಕಾಗದದ ಮೇಲೆ ಹರಡಿಕೊಂಡಿತು. ಸೂಪರಿಂಟೆಂಡೆಂಟರು ಅವರನ್ನು ಕಾರಿನವರೆಗೆ ಬಿಟ್ಟುಬರಲು ಹೋದರು.

ಮಳೆರಾಯರು ನಿರಾಳವಾಗಿ ಉಸಿರು ಬಿಟ್ಟರು. ಗಂಟೆಗೊಮ್ಮೆಯಲ್ಲ, ನಿಮಿಷಕ್ಕೊಮ್ಮೆ ಬರೆಯೆಂದರೂ ಅವರು ಸಿದ್ಧರಿದ್ದರು. ಕತ್ತೆತ್ತಿದರೆ ಪರದೆ, ಬಗ್ಗಿಸಿದರೆ ಪುಸ್ತಕ. ನಿವೃತ್ತಿಯವರೆಗೂ ಈ ಕುರ್ಚಿಯಿಂದ ಏಳಬೇಕಾಗಿರಲಿಲ್ಲ. ಹುಡುಗಿ ಬಂದು ಮೇಜಿನ ಎದುರು ನಿಂತಳು. ಕಣ್ಣು ತುಂಬಿತ್ತು.

"ಸರ್, ನಿಮ್ಮಿಂದ ನನ್ನ ಕೆಲಸ ಉಳೀತು," ಎಂದಳು.

ತಾನೇನೂ ಮಾಡಲಿಲ್ಲ, ಎಲ್ಲ ಯಂತ್ರದ ಮಹಿಮೆ ಎಂದು ಮಳೆರಾಯರು ಧಾರಾಳವಾಗಿ ಹೇಳಿದರು.

ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. ಮೇಲಿನ ಕಂಬಕ್ಕೂ ಕೆಳಗಿನ ಪರದೆಗೂ ನಡುವೆ ಒಂದು ಕೇಬಲ್ ಬೇಕು. ಪೆಟ್ಟಿಗೆ ಬಿಚ್ಚಿದರೆ ಬೇರೆ ಯಾವುದೋ ಯಂತ್ರದ ಕೇಬಲ್ ಬಂದಿತ್ತು. ಅದು ಗೊತ್ತಾದದ್ದು ಬೆಳಗ್ಗೆ ಎಂಟೂವರೆಗೆ. ಯಂತ್ರ ಇಂದು ನಡೆಯದಿದ್ದರೆ ಅವಳನ್ನು ಮನೆಗೆ ಕಳಿಸುತ್ತೇವೆಂದು ಮೊದಲೇ ಹೇಳಿದ್ದರು. ಈ ಕಚೇರಿಯ ಪುಸ್ತಕದಲ್ಲಿ ಇಪ್ಪತ್ತೇಳು ವರ್ಷದಿಂದ ಒಂದು ತಪ್ಪಿಲ್ಲ ಎಂದು ಯಾರೋ ಹೇಳಿದ್ದು ನೆನಪಾಯಿತು. ಆದ್ದರಿಂದ ಒಂಬತ್ತು ಗಂಟೆಯಿಂದ ಅವರು ಬರೆದದ್ದನ್ನೇ ನೋಡಿಕೊಂಡು, ಕೂತಲ್ಲಿಂದ ಪರದೆಗೆ ಟೈಪು ಮಾಡುತ್ತ ಬಂದಿದ್ದಳು.

ಮಳೆರಾಯರು ಪರದೆಯನ್ನು ನೋಡಿದರು. ಪುಸ್ತಕವನ್ನು ನೋಡಿದರು. ಹತ್ತರಿಂದ ಐದರವರೆಗೆ ಎಂಟು ಸಾಲು ಒಂದರ ಕೆಳಗೊಂದು ಒಂದೇ ಮುಖದ ಅಣ್ಣತಮ್ಮಂದಿರಂತೆ ನಿಂತಿದ್ದವು.

"ಹತ್ತು ಗಂಟೆಯಿಂದ ಎಲ್ಲ ಒಂದೇ ಅಂಕಿ ಬಂತಲ್ಲ ಸರ್, ಅದು ಹೇಗೆ?" ಎಂದು ಹುಡುಗಿ ಭಕ್ತಿಯಿಂದ ಕೇಳಿದಳು.

"ಹವೆ ಒಂದೊಂದು ದಿನ ಹಾಗೇನೆ," ಎಂದರು ಮಳೆರಾಯರು. ಆಮೇಲೆ, ಸರಿಯಾದ ಕೇಬಲ್ ಯಾವಾಗ ಬರುತ್ತದೆ ಎಂದು ಕೇಳಿದರು.

"ಮೂರು ತಿಂಗಳು ಅಂದಿದ್ದಾರೆ ಸರ್. ಅಲ್ಲಿವರೆಗೆ ನೀವು ಗಂಟೆಗೊಂದು ಸಲ ಮೇಲೆ ಹೋಗಿ ನೋಡ್ಕೊಂಡು ಬಂದ್ರೆ ಸಾಕು, ಯಂತ್ರ ಚೆನ್ನಾಗಿ ನಡೆಯತ್ತೆ."

ಗೋಡೆ ಗಡಿಯಾರದಲ್ಲಿ ಆರಕ್ಕೆ ಐದು ನಿಮಿಷವಿತ್ತು. ಮಳೆ ಇನ್ನೂ ಹೊಡೆಯುತ್ತಲೇ ಇತ್ತು. ನಿರ್ದೇಶಕರು ಬಿಟ್ಟುಹೋದ ಮಗುಚಿದ ಕೊಡೆಯನ್ನು ಹಿಡಿದುಕೊಂಡು ಮಳೆರಾಯರು ಎದ್ದರು.