ನಮ್ಮ ಮನೆಯ ಪೈ ಹಬ್ಬ

ವೈದ್ಯರ ಮನೆಯಲ್ಲಿ ಕೆಮ್ಮು ಇರಬಾರದು, ದರ್ಜಿಯ ಅಂಗಿಯ ಗುಂಡಿ ಕಿತ್ತಿರಬಾರದು, ಗಣಿತದ ಮಾಸ್ತರರ ಮಗಳು ಗಣಿತದಲ್ಲಿ ನಪಾಸಾಗಬಾರದು ಎಂದು ಊರು ಬಯಸುತ್ತದೆ. ಮೊದಲಿನ ಎರಡರ ಸುದ್ದಿ ನನಗೆ ಬೇಡ. ಸಿಂದಗಿಯ ಹೈಸ್ಕೂಲಿನಲ್ಲಿ ನಾನು ಕಲಿಸಿದ ಮಕ್ಕಳು ಪಾಸಾಗಿ, ಅವರ ಅಪ್ಪಂದಿರು ಬಸ್‌ಸ್ಟ್ಯಾಂಡಿನಲ್ಲಿ ನನಗೆ ಚಹಾ ಕುಡಿಸುತ್ತಿದ್ದ ಕಾಲದಲ್ಲೇ, ಒಂಬತ್ತನೆಯ ತರಗತಿಯ ನನ್ನ ಮಗಳು ಸವಿತಾ ಅರ್ಧವಾರ್ಷಿಕ ಪರೀಕ್ಷೆಯ ಗಣಿತದಲ್ಲಿ ಬಿದ್ದಳು. ಊರಿನವರ ಮಾತಿಗೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ ಎಂದರೆ ಸುಳ್ಳಾದೀತು. ಆದರೆ ಒಂದು ಸಂಜೆ ಅವಳು ತಾಯಿಯ ಮುಂದೆ, “ಅವ್ವಾ, ಹತ್ತನೇದು ನನ್ನ ಕೈಲೆ ಆಗಾಂಗಿಲ್ಲ. ಸಾಲಿ ಬಿಟ್ಟು ಮನ್ಯಾಗ ಇರ್ತೇನಿ” ಎಂದದ್ದು ಕೇಳಿ ನಿಜಕ್ಕೂ ಹೆದರಿದೆ. ನಮ್ಮ ಕಡೆ ಹುಡುಗಿ ಸಾಲಿ ಬಿಡುತ್ತೇನೆ ಅನ್ನುವುದೇ ತಡ, ಗಂಡಿನ ಕಡೆಯವರು ಬಂದು ಜಮಖಾನೆಯ ಮೇಲೆ ಕೂತಿರುತ್ತಾರೆ.

ದಿನಾ ಸಂಜೆ ಅವಳನ್ನು ಎದುರಿಗೆ ಕೂರಿಸಿಕೊಂಡೆ. ನನ್ನ ಪದ್ಧತಿ ಬಹಳ ಸರಳವಾದದ್ದು. ಮೊದಲು ನಿಧಾನವಾಗಿ ಹೇಳುವುದು, ತಿಳಿಯದಿದ್ದರೆ ಅದನ್ನೇ ಜೋರಾಗಿ ಹೇಳುವುದು. ಜೋರಾಗಿ ಹೇಳಿದಷ್ಟೂ ಅವಳು ಸಣ್ಣಗಾಗುತ್ತ ಹೋಗಿ, ಕೊನೆಗೆ ಪೆನ್ಸಿಲ್ ಮಾತ್ರ ಕಾಣುತ್ತಿತ್ತು. ಹೀಗಿರುವಾಗ ಪತ್ರಿಕೆಯ ಪುರವಣಿಯೊಂದರಲ್ಲಿ, ಅಮೆರಿಕದಲ್ಲಿ ಮಾರ್ಚ್ ಹದಿನಾಲ್ಕರಂದು ಪೈ ಎಂಬ ಸಂಖ್ಯೆಯ ಹಬ್ಬ ಮಾಡುತ್ತಾರೆ, ದುಂಡಗಿನ ತಿಂಡಿ ಬೇಯಿಸುತ್ತಾರೆ, ಪೈ ಬಗ್ಗೆ ಓದುತ್ತಾರೆ, ಮಕ್ಕಳಿಗೆ ಗಣಿತದ ಭಯ ಹೋಗುತ್ತದೆ ಎಂದು ಬಂದಿತ್ತು. ಅವರು ತಿಂಗಳನ್ನು ಮೊದಲು, ತಾರೀಖನ್ನು ಆಮೇಲೆ ಬರೆಯುವುದರಿಂದ ಮೂರು ಪಾಯಿಂಟ್ ಒಂದು ನಾಲ್ಕು ಆಗುತ್ತದೆ. ನಾವು ಬರೆಯುವ ರೀತಿಯಲ್ಲಿ ನೋಡಿದರೆ ಈ ಹಬ್ಬ ನಮ್ಮ ದೇಶಕ್ಕೆ ಬರುವುದೇ ಇಲ್ಲ. ನಮ್ಮ ಹೈಸ್ಕೂಲಿನ ಕಂಪ್ಯೂಟರ್ ಹೆಡ್‌ಮಾಸ್ತರರ ಕೋಣೆಯಲ್ಲಿ ಬಟ್ಟೆ ಹೊದ್ದು ಮಲಗಿರುತ್ತದೆ. ಹೆಚ್ಚಿಗೆ ಕೇಳಿ ತಿಳಿಯಲು ದಾರಿಯಿರಲಿಲ್ಲ. ಆದರೂ ಮಾಡೇಬಿಡುವುದೆಂದು ನಿಶ್ಚಯಿಸಿದೆ.

ನಮ್ಮ ಮನೆಯಲ್ಲಿ ಓವನ್ ಇಲ್ಲ, ಮೊಟ್ಟೆ ಒಳಗೆ ಬರುವಂತಿಲ್ಲ. ಪಕ್ಕದ ಓಣಿಯಲ್ಲಿ ಕಟ್ಟುತ್ತಿದ್ದ ಮನೆಯಿಂದ ಉಸುಕು ತಂದು, ತೊಳೆದು ಒಣಗಿಸಿ, ಕುಕ್ಕರಿನ ತಳಕ್ಕೆ ಹಾಕಿ, ಸೀಟಿ ತೆಗೆದಿಟ್ಟು, ಅದರೊಳಗೆ ದುಂಡು ಡಬ್ಬಿಯಲ್ಲಿ ಕೇಕಿನ ಹಿಟ್ಟು ಇಟ್ಟಳು ನನ್ನ ಹೆಂಡತಿ. ಬೇಯುವ ಹೊತ್ತಿಗೆ ಓದು. ಪೈ ಮಹಿಮೆಯ ಕುರಿತು ನಾನೇ ಬರೆದ ಪ್ರಬಂಧವಿತ್ತು, ಸ್ವಲ್ಪ ದೀರ್ಘವಾಗಿತ್ತು. ನಮ್ಮ ಹಳ್ಳಿ ಕನ್ನೊಳ್ಳಿಯಿಂದ ರೊಟ್ಟಿಯ ಗಂಟಿನೊಂದಿಗೆ ಬಂದಿದ್ದ ನನ್ನ ಅವ್ವ ಪುರಾಣಕ್ಕೆ ಕೂತಂತೆ ಸೆರಗು ಹೊದ್ದು ಕೂತಳು. ಸವಿತಾ ನೆಲ ನೋಡುತ್ತ ಕೂತಳು. ಪೈ ದಶಮಾಂಶಗಳಿಗೆ ಕೊನೆಯೇ ಇಲ್ಲ ಎಂಬ ಭಾಗಕ್ಕೆ ಬಂದಾಗ ಅವ್ವ ಕೈ ಎತ್ತಿದಳು.

“ತಮ್ಮಾ, ಇದು ಎಂದ ಮುಗಿತೈತೋ?”

“ಮುಗಿಯೂದ ಇಲ್ಲ ಅವ್ವಾ, ಅದ ಅದರ ವಿಶೇಷ.”

“ಆ ಸಂಖ್ಯಾ ಅಲ್ಲೋ ಮಾರಾಯ, ನಿನ್ನ ಓದು.”

ಹೆಂಡತಿ ಎರಡು ಸಲ ಒಳಗೆ ಹೋಗಲು ಎದ್ದಳು. ಎರಡು ಸಲವೂ ನಾನು ಕಣ್ಣಿನಲ್ಲೇ ಕೂರಿಸಿದೆ. ಅದೂ ನನ್ನ ಕಲಿಸುವ ಪದ್ಧತಿಯ ಭಾಗ. ಸುಟ್ಟ ವಾಸನೆ ಪಡಸಾಲೆಗೆ ಬಂದಾಗ ಪ್ರಬಂಧದ ಉಪಸಂಹಾರ ಇನ್ನೂ ಬಾಕಿ ಇತ್ತು. ಡಬ್ಬಿಯನ್ನು ಬೋರಲು ಹಾಕಿ ಬಡಿದರೆ ಅರ್ಧ ಕೇಕು ತಟ್ಟೆಗೆ ಬಿತ್ತು, ಅರ್ಧ ತಳಕ್ಕೆ ಹತ್ತಿತು. ಅದರ ಸುತ್ತಳತೆಯನ್ನು ವ್ಯಾಸದಿಂದ ಭಾಗಿಸಿ ಮಗಳಿಗೆ ಪೈ ತೋರಿಸಬೇಕೆಂದು ದಾರ ಹಿಡಿದು ನಿಂತಿದ್ದ ನಾನು, ದಾರವನ್ನು ಅಲ್ಲೇ ಎಸೆದೆ. “ಎಲ್ಲಾರೂ ಸುಮ್ಮನ ಕುಂಡ್ರಿ, ಬೇಕ್ರಿಯಿಂದ ತರ್ತೇನಿ” ಎಂದು ಸಿಟ್ಟಿನಲ್ಲಿ ಚಪ್ಪಲಿ ಮೆಟ್ಟಿ ಹೊರಟೆ.

ಬಸ್‌ಸ್ಟ್ಯಾಂಡಿನ ಹತ್ತಿರದ ಬೇಕರಿಯಲ್ಲಿ ಕೇಕು ಇತ್ತು, ಆದರೆ ಎಲ್ಲವೂ ಚೌಕ. ದುಂಡಗಿನದು ಇಲ್ಲವೇ ಎಂದು ಕೇಳಿದೆ. “ದುಂಡನ್ನ ಕತ್ತರಿಸಿದ್ರ ಎಲ್ಲಾರಿಗೂ ಸಮ ಬರಾಂಗಿಲ್ರಿ ಸರ್, ಜಗಳ ಆಗ್ತಾವು” ಎಂದ ಮಾಲೀಕ. ಕೊನೆಗೆ ಬಿಸ್ಕೀಟು ಕಟ್ಟಿಸಿಕೊಂಡು ಮರಳಿದೆ. ಬಿಸ್ಕೀಟಾದರೂ ದುಂಡಗಿದ್ದವು.

ಬಾಗಿಲ ಹತ್ತಿರ ಬಂದವನು ಒಳಗಿನ ನಗು ಕೇಳಿ ನಿಂತೆ. ಆ ನಗು ಸವಿತಾಳದು. ಕಿಟಕಿಯಿಂದ ನೋಡಿದರೆ ನಾನು ಎಸೆದ ದಾರ ಹಿಡಿದು ಅವಳು ರೊಟ್ಟಿಗೆ ಕೈ ಹಾಕುತ್ತಿದ್ದಳು, ಅವ್ವ ತಡೆಯುತ್ತಿದ್ದಳು. ನಮ್ಮಲ್ಲಿ ರೊಟ್ಟಿ ಎಣಿಸುವುದಿಲ್ಲ, ಅಳೆಯುವುದಂತೂ ಇಲ್ಲವೇ ಇಲ್ಲ.

“ಉಣ್ಣೂದನ್ನ ಅಳಿಬಾರದು ನನ್ನವ್ವ, ಮನ್ಯಾಗ ಸಿರಿ-ಬರಕತ್ತು ಉಳಿಯಾಂಗಿಲ್ಲ. ರೊಟ್ಟಿ ಸುಡೂ ಹಂಚು ಅಳಿ, ಬುಟ್ಟಿ ಅಳಿ, ಬೇಕಾದ್ರ ನನ್ನ ತಲಿ ಅಳಿ.”

ಸವಿತಾ ಹಂಚಿನ ಅಗಲಕ್ಕೆ ಒಂದು ದಾರ ಕತ್ತರಿಸಿ, ಅದನ್ನೇ ಹಂಚಿನ ಅಂಚಿಗೆ ಹಿಡಿಯುತ್ತ ಹೋದಳು. ಆಮೇಲೆ ಬುಟ್ಟಿಗೆ ಬೇರೆ ದಾರ, ಚರಿಗೆಯ ಬಾಯಿಗೆ ಬೇರೆ ದಾರ. ಅಜ್ಜಿಯ ಕಡೆ ತಿರುಗಿದಳು. “ಆಯಿ, ನೋಡಿಲ್ಲಿ. ಹಂಚು ದೊಡ್ಡದು, ಚರಗಿ ಸಣ್ಣದು. ಆದ್ರ ಯಾವುದಕ್ಕ ಹಿಡದ್ರೂ ಮೂರು ಸಲ ಆಗಿ ಮ್ಯಾಲ ಆ ದಾರದ ಏಳನೇ ಒಂದು ಪಾಲಿನಷ್ಟ ಉಳೀತೈತಿ.”

“ಎಲ್ಲಾಕೂ ಅಷ್ಟನ ಉಳೀತೈತಿ? ಖರೇನ?”

“ಖರೇ ಆಯಿ! ಬಾವಿ ಅಳದ್ರೂ ಅಷ್ಟ!”

ಬಾವಿಯ ಮಾತನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಶಾಭಾಸ್ ಎನ್ನಬೇಕೆಂದು ಬಾಗಿಲು ದೂಡಿ ಒಳಗೆ ಕಾಲಿಟ್ಟೆ. ಅವಳು ಥಟ್ಟನೆ ದಾರವನ್ನು ಬೆನ್ನ ಹಿಂದೆ ಬಚ್ಚಿಟ್ಟು ಎದ್ದು ನಿಂತಳು, ಕದ್ದು ಸಿಕ್ಕಿಬಿದ್ದವರ ಹಾಗೆ. ಮುಖದ ಮೇಲಿದ್ದ ನಗು ಈಗ ಇರಲಿಲ್ಲ.

“ಹೇಳು ಮಗಳ, ಮುಂದ ಹೇಳು” ಎಂದೆ, ನನಗೆ ಸಾಧ್ಯವಾದಷ್ಟು ಮೆಲ್ಲಗೆ.

ಅವಳು ಅಜ್ಜಿಯನ್ನು ನೋಡಿದಳು, ತಾಯಿಯನ್ನು ನೋಡಿದಳು. ಆಮೇಲೆ, “ಅಪ್ಪಾ, ನೀವು ಒಂದೀಟು ಹೊರಗ ಹೋಗ್ರಿ, ಹೇಳ್ತೇನಿ” ಎಂದಳು.

ಹೋದೆ. ಕಟ್ಟೆಯ ಮೇಲೆ ಕೂತು ಬಿಸ್ಕೀಟು ತಿನ್ನುತ್ತ, ಒಳಗೆ ನಡೆದ ಪಾಠವನ್ನು ಪೂರ್ತಿ ಕೇಳಿದೆ. ಇಷ್ಟು ವರ್ಷ ಅವಳು ಅಂಜಿದ್ದು ಯಾವುದಕ್ಕೆ ಎಂದು ಲೆಕ್ಕ ಹಾಕುವಷ್ಟು ಗಣಿತ ನನಗೂ ಬರುತ್ತದೆ. ಈಗ ಅವಳು ಗಣಿತದ ಪುಸ್ತಕ ತೆಗೆದಳೆಂದರೆ ಹೆಂಡತಿ ಕೈಚೀಲ ತಂದು ನನ್ನ ಕೈಗೆ ಕೊಡುತ್ತಾಳೆ, ನಾನು ಬಜಾರದ ಕಡೆ ನಡೆಯುತ್ತೇನೆ. ಮಗಳು ಹತ್ತನೆಯ ತರಗತಿಯಲ್ಲಿದ್ದಾಳೆ, ಗಣಿತ ದಿನೇ ದಿನೇ ಸುಧಾರಿಸುತ್ತಿದೆ. ದಿನಾ ನಾನು ತಂದು ಸುರಿಯುವ ಬದನೆಕಾಯಿ ತಿನ್ನುವವರು ಮಾತ್ರ ಮನೆಯಲ್ಲಿಲ್ಲ.